ಬೆಳ್ಳಿಯಪ್ಪನವರ ಪ್ಲೈವುಡ್ ರೈಫಲ್

ಬಂದೂಕಿನ ಮರಗೆಲಸ ಕಲಿಯಬೇಕೆಂದು ಬರುವ ಹುಡುಗ ಹುಡುಗಿಯರು ನನ್ನನ್ನು ಮೊದಲು ಕೇಳುವುದು ಯಾವ ಉಳಿ ಕೊಳ್ಳಬೇಕು ಎಂದು. ಉಳಿಯ ವಿಷಯ ಆಮೇಲೆ ಮಾತಾಡೋಣ. ನನ್ನ ಮೊದಲ ಪಾಠ ಬೇರೆ. ಶನಿವಾರ ಬೆಳಿಗ್ಗೆ ಬೇಟೆಗಾರರು ಅಂಗಡಿಯಲ್ಲಿ ಕೂತು ಯಾರ ರೈಫಲ್ ಚಂದ, ಯಾರ ಕಂಪನಿ ದೊಡ್ಡದು ಎಂದು ಹರಟುತ್ತಾರಲ್ಲ, ಆ ಹರಟೆಯಲ್ಲಿ ಸೇರಿಕೊಳ್ಳಿ, ನಗಿ, ಕಾಫಿ ಕುಡಿಯಿರಿ. ಅದನ್ನು ಕೇಳಿಕೊಂಡು ಮರ ಮಾತ್ರ ಆರಿಸಬೇಡಿ. ನಾನು ಆರಿಸಿದೆ. ಅದರಿಂದ ಬೆಳ್ಳಿಯಪ್ಪ ಎನ್ನುವ ಒಳ್ಳೆಯ ಮನುಷ್ಯರ ಅಂಗೈಗೆ ನಾಲ್ಕು ಹೊಲಿಗೆ ಬಿತ್ತು. ಅವರು ಜೀವಮಾನವೆಲ್ಲ ಕಾದಿದ್ದ ಒಂದೇ ಒಂದು ಬೇಟೆ ಕೈತಪ್ಪುವುದರಲ್ಲಿತ್ತು.

ನಮ್ಮದು ಮೈಸೂರಿನ ಮಂಡಿ ಮೊಹಲ್ಲಾ. ಅಪ್ಪ ಬೀಟೆ ಮರದ ಹಲಗೆಯಲ್ಲಿ ಬಣ್ಣಬಣ್ಣದ ಮರದ ಚೂರು ಕೂರಿಸಿ ಆನೆ, ನವಿಲು ಮಾಡುವ ಇನ್‌ಲೇ ಕೆಲಸದವರು. ನಾನು ಅವರ ಪಕ್ಕದಲ್ಲೇ ಕೂತು ಬೆಳೆದವನು. ಆಮೇಲೆ ಅಮೆರಿಕದ ಟೊರೆನ್ಸ್‌ನ ಒಂದು ವಿಮಾನ ಕಂಪನಿಯಲ್ಲಿ ಮರದ ಮಾಡೆಲ್ ಮಾಡುವ ಕೆಲಸ ಸಿಕ್ಕಿತು. ೨೦೦೧ರಲ್ಲಿ ಆ ವಿಭಾಗವನ್ನೇ ಮುಚ್ಚಿದರು. ಮಾಡೆಲ್ ಎಲ್ಲ ಕಂಪ್ಯೂಟರಿನ ಒಳಗೇ ಆಗುತ್ತಿತ್ತು, ಮರ ಯಾರಿಗೂ ಬೇಡವಾಗಿತ್ತು. ನನಗೆ ಆಗ ಐವತ್ತೆರಡು ವರ್ಷ. ಮೂರು ತಿಂಗಳು ಅರ್ಜಿ ಹಾಕಿದೆ. ಕೊನೆಗೆ ಅಪ್ಪ ಮಾಡಿದ್ದ ಒಂದು ಆನೆಯ ಡಬ್ಬಿಯನ್ನು ಕಂಕುಳಲ್ಲಿಟ್ಟುಕೊಂಡು ಮನೆಯಿಂದ ಎರಡು ಮೈಲಿ ದೂರದ ಬಂದೂಕಿನ ಅಂಗಡಿಗೆ ಹೋದೆ. ಅಲ್ಲಿ ಮರಗೆಲಸದವನು ಬೇಕೆಂದು ಬೋರ್ಡ್ ಹಾಕಿದ್ದರು.

ಅಂಗಡಿಯ ಮಾಲೀಕ ಡೇಲ್. ಅರವತ್ತು ದಾಟಿದ, ಮಾತು ಕಡಿಮೆಯ ಮನುಷ್ಯ. ಡಬ್ಬಿಯನ್ನು ಹತ್ತು ನಿಮಿಷ ತಿರುಗಿಸಿ ನೋಡಿ, ಆನೆಯ ದಂತದ ಮೇಲೆ ಉಗುರು ಎಳೆದು, ಸಂದು ಸಿಗದೆ, "ನಾಳೆ ಏಳು ಗಂಟೆಗೆ ಬಾ" ಎಂದ. ಅವನು ಹೇಳಿದ್ದು ಇಂಗ್ಲಿಷಿನಲ್ಲಿ. ನನ್ನ ಹೆಂಡತಿ ನಸ್ರೀನ್ ಮನೆಯಲ್ಲಿ ಆಡುವುದು ಉರ್ದು. ಎಲ್ಲರ ಮಾತನ್ನೂ ಇಲ್ಲಿ ಕನ್ನಡದಲ್ಲೇ ಬರೆದುಬಿಡುತ್ತೇನೆ, ನನಗೆ ಅದೇ ಸಲೀಸು.

ನಸ್ರೀನ್‌ಗೆ ಸುದ್ದಿ ಹೇಳಿದಾಗ ಅವಳು ಸೌಟು ಕೆಳಗಿಟ್ಟಳು. "ಮರ ಎಷ್ಟು ಬೇಕಾದ್ರೂ ಮನೆಗೆ ತನ್ನಿ. ಕಬ್ಬಿಣ ಮಾತ್ರ ಹೊಸಿಲು ದಾಟಬಾರದು" ಎಂದಳು. ಏಳು ವರ್ಷ ಆ ಮಾತನ್ನು ಉಳಿಸಿಕೊಂಡೆ.

ಗೊತ್ತಿಲ್ಲದವರಿಗೆ ಎರಡು ಮಾತು. ರೈಫಲ್ಲಿನ ಕಬ್ಬಿಣವನ್ನು ಹೊತ್ತುಕೊಂಡಿರುವ ಮರಕ್ಕೆ ಸ್ಟಾಕ್ ಎನ್ನುತ್ತಾರೆ. ಅದರ ಹಿಂಭಾಗ ಭುಜಕ್ಕೆ ಒರಗುತ್ತದೆ, ಮೇಲಂಚು ಕೆನ್ನೆಗೆ ತಾಗುತ್ತದೆ, ನಡುವಿನ ತೆಳ್ಳಗಿನ ಜಾಗವನ್ನು ಅಂಗೈ ಹಿಡಿಯುತ್ತದೆ. ಆ ತೆಳ್ಳಗಿನ ಜಾಗಕ್ಕೆ ಮಣಿಕಟ್ಟು ಎಂದು ಹೆಸರು. ಗುಂಡು ಹಾರಿದಾಗ ಬರುವ ಒದೆತವೆಲ್ಲ ಅಲ್ಲಿಂದಲೇ ಭುಜಕ್ಕೆ ದಾಟಬೇಕು. ಈ ಕಥೆಯೆಲ್ಲ ನಡೆಯುವುದು ಆ ಮೂರು ಬೆರಳಗಲದ ಜಾಗದಲ್ಲಿ.

ಡೇಲ್ ನನಗೆ ಕಲಿಸಿದ ಮೊದಲ ಕೆಲಸ ಮಸಿಯದು. ಸೀಮೆಎಣ್ಣೆ ದೀಪದ ಮಸಿಯನ್ನು ಕಬ್ಬಿಣಕ್ಕೆ ತೆಳ್ಳಗೆ ಸವರಿ, ಮರದ ತೋಡಿನಲ್ಲಿ ಕೂರಿಸಿ, ಎತ್ತಿ ನೋಡುವುದು. ಕಪ್ಪು ಹತ್ತಿದ ಕಡೆ ಮಾತ್ರ ಒಂದು ಕೂದಲಿನಷ್ಟು ಹೆರೆಯುವುದು. ಮತ್ತೆ ಸವರುವುದು, ಮತ್ತೆ ಎತ್ತುವುದು. ಒಂದು ಸ್ಟಾಕಿಗೆ ಮುನ್ನೂರು ಸಲವಾದರೂ ಆಗುತ್ತದೆ. ನಾನು ಮೊದಲ ಸ್ಟಾಕಿನಲ್ಲೇ ಅವಸರ ಮಾಡಿ ಒಂದು ಕಡೆ ಹೆಚ್ಚು ಹೆರೆದೆ, ಕಬ್ಬಿಣ ಅಲ್ಲಾಡತೊಡಗಿತು. ಡೇಲ್ ಬೈಯಲಿಲ್ಲ. ಗಿರಾಕಿ ಬಂದಾಗ ನನ್ನನ್ನು ಕರೆದು ಮುಂದೆ ನಿಲ್ಲಿಸಿ, "ಏನಾಯ್ತು ಅಂತ ನೀನೇ ಹೇಳು" ಎಂದ. ಹೇಳಿದೆ. ಅಂಗಡಿಯಲ್ಲಿ ಅದೇ ಕಾನೂನು. ಕೆಡಿಸಿದವನೇ ಗಿರಾಕಿಯ ಮುಖ ನೋಡಿ ಹೇಳಬೇಕು, ಮಾಲೀಕ ಅಡ್ಡ ಬರುವುದಿಲ್ಲ.

ಅವಳಿ ಗೋಪುರಗಳು ಉರುಳಿದ ಆ ವರ್ಷದ ಕೊನೆಯಲ್ಲಿ ಇಕ್ಬಾಲ್ ಎಂಬ ಹೆಸರಿನವನು ಬಂದೂಕಿನ ಅಂಗಡಿಯಲ್ಲಿ ನಿಲ್ಲುವುದು ಸುಲಭವಿರಲಿಲ್ಲ. ಡೇಲ್ ಕೊಟ್ಟ ಅಂಗಿಯ ಮೇಲೆ ನನ್ನ ಹೆಸರನ್ನು ಮೊಟಕು ಮಾಡಿ 'ಐಕ್' ಎಂದು ಹೊಲಿದಿತ್ತು. ಒಳ್ಳೆಯ ಮನಸ್ಸಿನಿಂದಲೇ ಹೊಲಿಸಿದ್ದ. ನಾನು ಆ ಸಂಜೆಯೇ ಮನೆಯಲ್ಲಿ ದಾರ ಬಿಚ್ಚಿ, ನಸ್ರೀನ್ ಕೈಯಲ್ಲಿ ಪೂರ್ತಿ ಹೆಸರು ಹೊಲಿಸಿಕೊಂಡು ಹೋದೆ. ಲಾಂಗ್ ಬೀಚ್ ಬಂದರಿನಲ್ಲಿ ಕ್ರೇನ್ ಓಡಿಸುವ ಹ್ಯಾಂಕ್ ಅದನ್ನು ಓದಿ, ನನ್ನ ಮುಖ ನೋಡಿ, ತನ್ನ ರೈಫಲ್ಲನ್ನು ಡೇಲ್ ಕಡೆಗೆ ಸರಿಸಿದ. "ಇದನ್ನ ನೀನೇ ನೋಡು. ಅವನ ಕೈಗೆ ಕೊಡಬೇಡ." ಡೇಲ್ ರೈಫಲ್ಲನ್ನು ವಾಪಸ್ ಸರಿಸಿ, "ಹಾಗಾದ್ರೆ ಆರು ತಿಂಗಳು ಕಾಯಿ, ನನಗೆ ಪುರುಸೊತ್ತಿಲ್ಲ" ಎಂದ. ನನಗೆ ಸಿಟ್ಟು ಬಂದಿತ್ತು. ಬಿಟ್ಟು ಹೋಗಬೇಕೆಂದು ಮಾತ್ರ ಒಂದು ಸಲವೂ ಅನ್ನಿಸಲಿಲ್ಲ. ಇವನೇ ಬಂದು ನನ್ನ ಕೈಗೆ ಕೊಡುವವರೆಗೂ ಇಲ್ಲೇ ಇರುತ್ತೇನೆ ಎಂದುಕೊಂಡೆ.

ನಾಲ್ಕನೇ ತಿಂಗಳಿಗೆ ಬಂದ. ಟ್ರಕ್ಕಿನಿಂದ ಇಳಿಸುವಾಗ ರೈಫಲ್ ಬಿದ್ದು ಸ್ಟಾಕಿನಲ್ಲಿ ಉಗುರಿನಷ್ಟು ಗುಳಿಯಾಗಿತ್ತು, ಬೇಟೆಗೆ ಹೊರಡಲು ಎರಡೇ ದಿನ ಉಳಿದಿತ್ತು. ಗುಳಿಯ ಮೇಲೆ ಒದ್ದೆ ಬಟ್ಟೆ ಹಾಸಿ ಕಾದ ಇಸ್ತ್ರಿಪೆಟ್ಟಿಗೆ ಒತ್ತಿದರೆ ಆವಿಗೆ ಮರ ಉಬ್ಬಿ ಮೇಲೆ ಬರುತ್ತದೆ. ಅಂಗಡಿಯ ಇಸ್ತ್ರಿ ಕೆಟ್ಟಿತ್ತು, ಮನೆಯಿಂದ ನಸ್ರೀನ್‌ದನ್ನು ತಂದೆ. ಹ್ಯಾಂಕ್ ಕೈಕಟ್ಟಿ ನಿಂತು ನೋಡುತ್ತಿದ್ದಂತೆ ಗುಳಿ ಮಾಯವಾಯಿತು. ಮುಂದಿನ ಶನಿವಾರದಿಂದ ನನಗೂ ಒಂದು ಕಾಫಿ ತರತೊಡಗಿದ. ಇಸ್ತ್ರಿಪೆಟ್ಟಿಗೆಗೆ ಮರದೆಣ್ಣೆ ಅಂಟಿ ನಸ್ರೀನ್‌ಳ ಬಿಳಿ ದುಪಟ್ಟಾದ ಮೇಲೆ ಕಂದು ಮುದ್ರೆ ಬಿದ್ದದ್ದು ಬೇರೆ ಕಥೆ, ಅದನ್ನು ಅವಳು ಇವತ್ತಿಗೂ ಹೇಳುತ್ತಾಳೆ.

ಇನ್ನು ಶನಿವಾರದ ಹರಟೆ. ಕಂಪನಿಗಳ ಹೆಸರು ಬರೆದರೆ ಈಗಲೂ ಯಾರಾದರೂ ಜಗಳಕ್ಕೆ ಬರುತ್ತಾರೆ, ಅದಕ್ಕೆ ದೇಶದ ಹೆಸರಿನಲ್ಲೇ ಹೇಳುತ್ತೇನೆ. ಹ್ಯಾಂಕ್‌ನದು ಜರ್ಮನ್ ರೈಫಲ್. ಅದರ ಬೋಲ್ಟ್, ಎಂದರೆ ತೋಟಾ ತುಂಬುವ ಅಗುಳಿ, ಎಳೆದರೆ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಬರುತ್ತದೆ ಎಂದು ವಾರಕ್ಕೊಮ್ಮೆ ಎಳೆದು ತೋರಿಸುತ್ತಿದ್ದ. ರೆಡೊಂಡೊ ಬೀಚಿನ ರೇ ಎಂಬವನದು ಫಿನ್ಲೆಂಡಿನದು, ಅದಕ್ಕೆ ಕಪ್ಪು ಪ್ಲಾಸ್ಟಿಕ್ ಸ್ಟಾಕ್. ಆಗಷ್ಟೇ ಪ್ಲಾಸ್ಟಿಕ್ಕಿನ ಕಾಲ ಜೋರಾಗುತ್ತಿತ್ತು.

"ರೇ, ಅದು ಬಂದೂಕೋ ಕಸದ ಡಬ್ಬಿಯ ಮುಚ್ಚಳವೋ?"

"ಹ್ಯಾಂಕ್, ಮಂಜು ಬಿದ್ರೆ ನಿನ್ನ ಮರ ಊದ್ಕೊಳ್ಳತ್ತೆ. ನೀನು ಟ್ರಕ್ಕಲ್ಲಿ ಕೂತು ಅಳ್ತಿರ್ತೀಯ. ನಾನು ಜಿಂಕೆ ಹೊತ್ಕೊಂಡು ಬರ್ತೀನಿ."

"ಹೊತ್ಕೊಂಡು ಬಾ. ಅದನ್ನ ಹೊಡೆದ ಬಂದೂಕಿನ ಫೋಟೋ ಮಾತ್ರ ಯಾರಿಗೂ ತೋರಿಸಬೇಡ."

ಇವರ ನಡುವೆ ತಿಂಗಳಿಗೊಂದು ಶನಿವಾರ ಸ್ಯಾನ್ ಡಿಯೆಗೊದಿಂದ ಎರಡು ಗಂಟೆ ಡ್ರೈವ್ ಮಾಡಿಕೊಂಡು ಬರುತ್ತಿದ್ದವರು ಬೆಳ್ಳಿಯಪ್ಪ. ಕೊಡಗಿನವರು, ಟೆಲಿಕಾಂ ಇಂಜಿನಿಯರ್, ನನಗಿಂತ ಎಂಟು ವರ್ಷ ದೊಡ್ಡವರು. ಅವರ ರೈಫಲ್ ಹಳೆಯ ಅಮೆರಿಕನ್, ಅದರ ಸ್ಟಾಕ್ ತೀರಾ ಸಾದಾ. ಹ್ಯಾಂಕ್ ಅದನ್ನು ಪೊರಕೆ ಹಿಡಿ ಎನ್ನುತ್ತಿದ್ದ. ಬೆಳ್ಳಿಯಪ್ಪ ತಲೆ ಕೂಡ ಎತ್ತದೆ, "ಪೊರಕೆ ಇರೋದು ಗುಡಿಸೋಕೆ. ನಿನ್ನ ಫ್ರೀಜರ್ ಗುಡಿಸಿದ ಹಾಗಿದೆ, ನಂದು ತುಂಬಿದೆ" ಎನ್ನುತ್ತಿದ್ದರು. ನಾವಿಬ್ಬರೂ ಕನ್ನಡದಲ್ಲಿ ಮಾತಾಡಿದಾಗಲೆಲ್ಲ ಹ್ಯಾಂಕ್‌ಗೆ ತನ್ನ ಜರ್ಮನ್ ರೈಫಲ್ಲನ್ನೇ ಬೈಯುತ್ತಿದ್ದೇವೆಂದು ಅನುಮಾನ. ಎಷ್ಟೋ ಸಲ ಅದು ನಿಜವೇ ಆಗಿರುತ್ತಿತ್ತು.

೨೦೦೬ರ ಬೇಸಿಗೆಯಲ್ಲಿ ಬೆಳ್ಳಿಯಪ್ಪನವರಿಗೆ ಟ್ಯಾಗ್ ಬಂತು. ಮರುಭೂಮಿಯ ಬೆಟ್ಟಗಳಲ್ಲಿರುವ ದೊಡ್ಡ ಕೊಂಬಿನ ಕಾಡುಕುರಿಯನ್ನು ಹೊಡೆಯಲು ಸರ್ಕಾರ ಲಾಟರಿ ಎತ್ತಿ ಬೆರಳೆಣಿಕೆಯ ಜನಕ್ಕೆ ಈ ಪರವಾನಗಿ ಕೊಡುತ್ತದೆ. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಸಲ. ಬೆಳ್ಳಿಯಪ್ಪ ಹದಿನೇಳು ವರ್ಷದಿಂದ ಅಪ್ಲೈ ಮಾಡುತ್ತಿದ್ದರು. ಆ ಶನಿವಾರ ಕಾಗದವನ್ನು ಕೌಂಟರಿನ ಮೇಲಿಟ್ಟಾಗ ಹ್ಯಾಂಕ್ ಮತ್ತು ರೇ ಎದ್ದು ನಿಂತು ಕೈಕುಲುಕಿದರು.

ಎರಡೇ ತಿಂಗಳಿಗೆ ಅವರ ಬಲಗಣ್ಣಿನ ಒಳಗೆ ರಕ್ತನಾಳ ಕಟ್ಟಿ ದೃಷ್ಟಿ ಹೋಯಿತು. ಗುರಿ ಹಿಡಿಯುವ ಕಣ್ಣು ಅದೇ. ಎಡ ಭುಜಕ್ಕೆ ರೈಫಲ್ ಇಟ್ಟು ಎಡಗಣ್ಣಲ್ಲಿ ನೋಡೋಣವೆಂದರೆ ಆ ಭುಜ ಹಿಂದೊಮ್ಮೆ ಮುರಿದು ಕೂಡಿದ್ದು, ಒದೆತ ತಡೆಯುತ್ತಿರಲಿಲ್ಲ. ಡೇಲ್ ಮತ್ತು ನನ್ನ ಮುಂದೆ ಕೂತು ಅವರು ಹೇಳಿದ ಮಾತು ನನಗೆ ಹಾಗೇ ನೆನಪಿದೆ.

"ಇಕ್ಬಾಲ್, ಬಲ ಭುಜಕ್ಕೆ ಇಟ್ಟು ಎಡಗಣ್ಣಲ್ಲಿ ನೋಡೋ ಹಾಗೆ ಒಂದು ಸ್ಟಾಕ್ ಮಾಡಿ ಕೊಡ್ತೀರಾ? ಆಗಲ್ಲ ಅಂದ್ರೆ ಈಗ್ಲೇ ಹೇಳಿ. ಗಾಯ ಮಾಡಿ ಬಿಟ್ಟುಬರೋ ಹಾಗಿದ್ರೆ ನಾನು ಹೋಗೋದೇ ಇಲ್ಲ, ಟ್ಯಾಗ್ ವಾಪಸ್ ಕೊಡ್ತೀನಿ."

"ಆಗುತ್ತೆ ಸರ್" ಎಂದೆ. ಅದುವರೆಗೆ ಅಂಥದ್ದನ್ನು ಚಿತ್ರದಲ್ಲಿ ಮಾತ್ರ ನೋಡಿದ್ದೆ.

ಅಂಥ ಸ್ಟಾಕ್ ಮಣಿಕಟ್ಟಿನಲ್ಲಿ ಅಡ್ಡಡ್ಡಲಾಗಿ ಬಾಗಿ, ಕೆನ್ನೆಯ ಕೆಳಗಿನಿಂದ ಹಾದು, ಕಬ್ಬಿಣವನ್ನು ಇನ್ನೊಂದು ಕಣ್ಣಿನ ಮುಂದೆ ತಂದು ನಿಲ್ಲಿಸುತ್ತದೆ. ಅಳತೆಗೆಂದು ತುಂಡು ಮರ, ಸ್ಕ್ರೂಗಳಿಂದ ಒಂದು ಚೌಕಟ್ಟು ಮಾಡಿದೆ. ಅವರು ಕಣ್ಣು ಮುಚ್ಚಿ ಭುಜಕ್ಕೆ ಏರಿಸುವುದು, ತೆರೆಯುವುದು, ಕಣ್ಣು ಎಲ್ಲಿ ಬಿತ್ತೆಂದು ನಾನು ಗುರುತು ಹಾಕುವುದು. ಮೂರು ಶನಿವಾರ ಅದೇ ಆಯಿತು. ಅವರ ಕೆನ್ನೆಯ ಮೂಳೆ, ಕುತ್ತಿಗೆಯ ಉದ್ದ ಎಲ್ಲ ನನಗೆ ಬಾಯಿಪಾಠವಾಯಿತು.

ಅಳತೆ ಸರಿಯಾಗಿತ್ತು. ಎಡವಿದ್ದು ಮರದಲ್ಲಿ. ಅಂಗಡಿಯ ಹಿಂದೆ ಹದಿನೈದು ವರ್ಷ ಒಣಗಿದ ವಾಲ್ನಟ್, ಎಂದರೆ ಅಕ್ರೋಟಿನ ಮರದ ಒಂದು ದಪ್ಪ ಹಲಗೆಯಿತ್ತು. ಕೊಂಬೆ ಕವಲೊಡೆಯುವ ಜಾಗದ್ದು. ನೀರು ಸವರಿದರೆ ಒಳಗೆ ಬೆಂಕಿ ಹತ್ತಿದಂತೆ ಹೊಳೆಯುತ್ತಿತ್ತು. ಹ್ಯಾಂಕ್ ಅದನ್ನು ಮುಟ್ಟಿ ನೋಡಿ, "ಪೊರಕೆಯವನಿಗೆ ಒಂದು ಸಲವಾದರೂ ರಾಜನ ಸ್ಟಾಕ್ ಸಿಗಲಿ. ಇದನ್ನ ನೋಡಿದ್ರೆ ನನ್ನ ಜರ್ಮನ್ನೂ ನಾಚ್ಕೋಬೇಕು" ಎಂದ. ರೇ ಕೂಡ ತಲೆಯಾಡಿಸಿದ. ಮಂಡಿ ಮೊಹಲ್ಲಾದಲ್ಲಿ ನನಗೆ ಕಲಿಸಿದ್ದೂ ಅದನ್ನೇ. ಮರದ ಎಳೆ ಸುತ್ತಿ ಸುಳಿದಷ್ಟೂ ಚಂದ, ಅಂಥ ಚೂರನ್ನು ಎಲ್ಲರ ಕಣ್ಣು ಬೀಳುವ ನಡುಮಧ್ಯೆ ಕೂರಿಸಬೇಕು. ಇನ್‌ಲೇ ಹಲಗೆ ಗೋಡೆಯ ಮೇಲೆ ತೂಗುತ್ತದೆ, ಅದಕ್ಕೆ ಒದೆತವಿಲ್ಲ. ನಾನು ಆ ಸುಳಿಯನ್ನು ಸರಿಯಾಗಿ ಮಣಿಕಟ್ಟಿಗೆ ಬರುವಂತೆ ಗೆರೆ ಹಾಕಿದೆ.

ಡೇಲ್ ನೋಡಿದ. ಪೆನ್ಸಿಲಿನಿಂದ ಮಣಿಕಟ್ಟಿನ ಮೇಲೆ ತಟ್ಟಿ, "ಇಲ್ಲಿ ಎಳೆ ಅಡ್ಡ ಹೋಗ್ತಿದೆ, ಒದೆತಕ್ಕೆ ಸೀಳುತ್ತೆ. ಒಳಗೊಂದು ಸ್ಟೀಲ್ ರಾಡ್ ಕೂರಿಸು" ಎಂದ.

"ಕೂರಿಸ್ತೀನಿ" ಎಂದೆ. ಆದರೆ ಬಾಗಿದ ಮಣಿಕಟ್ಟಿನಲ್ಲಿ ರಾಡ್ ಹಾಕಬೇಕೆಂದರೆ ಪಕ್ಕದಿಂದ ತೂತು ಕೊರೆಯಬೇಕು, ಮುಚ್ಚಿದರೂ ಅದು ಸುಳಿಯ ನಡುವೆ ಕಪ್ಪು ಚುಕ್ಕೆಯಾಗಿ ಕಾಣುತ್ತದೆ. ಎರಡು ದಿನ ಡ್ರಿಲ್ ಹಿಡಿದು ಹತ್ತಿರ ಹೋದೆ, ಬಂದೆ. ಕೊನೆಗೆ ಹಾಕಲೇ ಇಲ್ಲ. ಡೇಲ್ ಮತ್ತೆ ಕೇಳಲಿಲ್ಲ, ಹೇಳಿದರೆ ಮಾಡುವವನು ಎಂದು ನನ್ನನ್ನು ನಂಬಿದ್ದ. ಮರಕ್ಕೆ ಎಣ್ಣೆ ಕುಡಿಸಿ ಮುಗಿಸಿದ ಶನಿವಾರ ಅಂಗಡಿಯಲ್ಲಿ ಯಾರೂ ಕಂಪನಿಯ ಮಾತೆತ್ತಲಿಲ್ಲ, ಎಲ್ಲರೂ ಸ್ಟಾಕನ್ನೇ ಸವರುತ್ತಿದ್ದರು. ನನಗೆ ಎದೆ ಉಬ್ಬಿತ್ತು.

ನವೆಂಬರ್ ಮೊದಲ ವಾರ ಸ್ಯಾನ್ ಡಿಯೆಗೊದ ಪೂರ್ವಕ್ಕಿರುವ ಬೆಟ್ಟಗಳಾಚೆಯ ಒಂದು ಶೂಟಿಂಗ್ ರೇಂಜಿಗೆ ನಾನು, ಡೇಲ್, ಬೆಳ್ಳಿಯಪ್ಪ ಹೋದೆವು. ಬೆಳ್ಳಿಯಪ್ಪ ಕಾರಿನಿಂದ ಮೂರು ತೆಂಗಿನಕಾಯಿ ತೆಗೆದರು. ಕೊಡಗಿನಲ್ಲಿ ಹಬ್ಬದ ದಿನ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯವಿರುತ್ತದೆ. ಅವರ ಪರೀಕ್ಷೆಯೂ ಅದೇ. ನೂರು ಗಜ, ಮೂರು ಕಾಯಿ, ಮೂರು ಗುಂಡು. "ಒಂದು ತಪ್ಪಿದ್ರೂ ಟ್ಯಾಗ್ ವಾಪಸ್" ಎಂದರು.

ಮೊದಲನೆಯದು ಒಡೆಯಿತು. ಎರಡನೆಯದೂ ಒಡೆಯಿತು. ಎಡಗಣ್ಣಲ್ಲಿ ನೋಡುತ್ತಿದ್ದ ಅವರ ಮುಖದಲ್ಲಿ ಸಣ್ಣ ನಗು ಬಂದಿತ್ತು. ಮೂರನೆಯ ಗುಂಡಿನ ಸದ್ದಿನ ಹಿಂದೆಯೇ ಇನ್ನೊಂದು ಸದ್ದು, ಒಣ ಕೊಂಬೆ ಮುರಿದಂಥದು. ಸ್ಟಾಕ್ ಮಣಿಕಟ್ಟಿನಲ್ಲಿ ಎರಡು ತುಂಡಾಗಿ, ಸೀಳಿದ ಮರ ಅವರ ಅಂಗೈ ಹೊಕ್ಕಿತ್ತು. ರಕ್ತ ಮೊಣಕೈವರೆಗೂ ಇಳಿಯಿತು. ಮೂರನೆಯ ಕಾಯಿ ಹಾಗೇ ನಿಂತಿತ್ತು.

ಕ್ಲಿನಿಕ್ಕಿನಲ್ಲಿ ಹೊಲಿಗೆ ಹಾಕುವಾಗ ಡೇಲ್ ಹೊರಗೆ ಕೂತ. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಮುರಿದ ಜಾಗದಲ್ಲಿ ರಾಡ್ ಇಲ್ಲದ್ದನ್ನು ಅವನಾಗಲೇ ಕಂಡಿದ್ದ. ಕಾನೂನು ನನಗೆ ಗೊತ್ತಿತ್ತು. ಒಳಗೆ ಹೋಗಿ ಬೆಳ್ಳಿಯಪ್ಪನವರ ಮುಖ ನೋಡಿ ಹೇಳಿದೆ.

"ತಪ್ಪು ನಂದು ಸರ್. ಡೇಲ್ ರಾಡ್ ಹಾಕು ಅಂದಿದ್ದ. ಚಂದ ಕೆಡುತ್ತೆ ಅಂತ ನಾನು ಹಾಕ್ಲಿಲ್ಲ."

ಅವರು ಹೊಲಿಗೆ ಬಿದ್ದ ಅಂಗೈಯನ್ನು ತಿರುಗಿಸಿ ನೋಡಿಕೊಂಡರು. ಅಪ್ಪನ ಡಬ್ಬಿ ತೋರಿಸಿ ಗಿಟ್ಟಿಸಿದ ಕೆಲಸವನ್ನು ಅಪ್ಪನ ಹೆಸರಿಗೇ ಮಸಿ ಬಳಿಯಲು ಉಪಯೋಗಿಸಿದೆ ಅನ್ನಿಸಿತು.

"ಇನ್ನೊಂದಕ್ಕೆ ಎಷ್ಟು ದಿನ ಬೇಕು?" ಎಂದು ಕೇಳಿದರು.

"ಇನ್ನೂ ನನ್ನ ಹತ್ರಾನೇ ಮಾಡಿಸ್ತೀರಾ?"

"ಎರಡು ಕಾಯಿ ಒಡೀತಲ್ಲ, ಅಳತೆ ಸರಿ ಇದೆ. ಬೇರೆಯವರ ಹತ್ರ ಹೋದ್ರೆ ಮೊದಲಿಂದ ನನ್ನ ಮುಖ ಅಳೀಬೇಕು. ಮರ ಬದಲಾಯಿಸಿ, ಅಷ್ಟೇ."

ಸೀಸನ್ನಿಗೆ ಐದು ವಾರವಿತ್ತು. ಯಾವ ಒಂದೇ ಹಲಗೆಯಲ್ಲಿ ಕೆತ್ತಿದರೂ ಅಷ್ಟು ಬಾಗಿದ ಮಣಿಕಟ್ಟಿನಲ್ಲಿ ಎಳೆ ಎಲ್ಲೋ ಒಂದು ಕಡೆ ಕತ್ತರಿಸಿ ಹೋಗುತ್ತದೆ. ಎಳೆಯೇ ಬಾಗಬೇಕು. ಆಗ ನೆನಪಾದದ್ದು ಮಂಡಿ ಮೊಹಲ್ಲಾದ ಇನ್ನೊಂದು ಕೆಲಸ, ಹಾಳೆಯಂಥ ಮರವನ್ನು ಸೀಳಿ ಅಂಟಿಸುವುದು. ಸಾದಾ, ನೇರ ಎಳೆಯ ವಾಲ್ನಟ್ಟನ್ನು ತೆಳ್ಳಗಿನ ಪಟ್ಟಿಗಳಾಗಿ ಸೀಳಿ, ಆವಿಯಲ್ಲಿ ಮೆತ್ತಗೆ ಮಾಡಿ, ಬಾಗಿದ ಅಚ್ಚಿಗೆ ಬಿಗಿದು ಒಣಗಿಸಿ, ಆಮೇಲೆ ಒಂದರ ಮೇಲೊಂದು ಗೋಂದು ಹಾಕಿ ಮತ್ತೆ ಬಿಗಿದರೆ ಎಳೆಗಳೆಲ್ಲ ಬಾಗಿನ ಜೊತೆಗೇ ಹರಿಯುತ್ತವೆ. ಅಚ್ಚನ್ನು ಮನೆಯ ಗ್ಯಾರೇಜಿನಲ್ಲಿ ಕಟ್ಟಿದೆ. ಮರವಷ್ಟೇ ಇದ್ದದ್ದರಿಂದ ನಸ್ರೀನ್ ಕೂಡ ಬಂದಳು, ನಾನು ಗೋಂದು ಸವರುವಾಗ ಅವಳು ಕ್ಲಾಂಪ್ ತಿರುಗಿಸಿದಳು. ಮೊದಲ ಸಲ ಅವಸರದಲ್ಲಿ ಮರುದಿನವೇ ಬಿಚ್ಚಿದೆ, ಬಾಗು ಅರ್ಧ ಇಂಚು ವಾಪಸ್ ನೆಟ್ಟಗಾಯಿತು. ಅದನ್ನು ಮೂಲೆಗೆ ಹಾಕಿ ಹೊಸದಾಗಿ ಸೀಳಿದೆ. ಎರಡನೆಯ ಸಲ ಆರು ದಿನ ಮುಟ್ಟಲಿಲ್ಲ. ದಿನಾ ಗ್ಯಾರೇಜಿನ ಬಾಗಿಲ ಹತ್ತಿರ ಹೋದರೆ ಸಾಕು, ನಸ್ರೀನ್ ಒಳಗಿನಿಂದಲೇ, "ಇವತ್ತು ಮೂರನೇ ದಿನ" ಎನ್ನುತ್ತಿದ್ದಳು.

ಅಂಗಡಿಗೆ ತಂದಾಗ ಶನಿವಾರದ ಗುಂಪಿಗೆ ನಗು ತಡೆಯಲಾಗಲಿಲ್ಲ. ಪಕ್ಕದಿಂದ ನೋಡಿದರೆ ಪಟ್ಟೆ ಪಟ್ಟೆ, ಮೇಲಿನಿಂದ ನೋಡಿದರೆ ಸೊಟ್ಟ. "ಇದು ಪ್ಲೈವುಡ್ಡು" ಎಂದ ಹ್ಯಾಂಕ್. "ನನ್ನ ಪ್ಲಾಸ್ಟಿಕ್ಕೇ ವಾಸಿ" ಎಂದ ರೇ. ನಾನೂ ನಕ್ಕೆ. ಮಸಿ ಸವರಿ ಹೆರೆಯುವ ಕೆಲಸ ಮಾತ್ರ ನಿಲ್ಲಿಸಲಿಲ್ಲ. ಮಣಿಕಟ್ಟಿನಲ್ಲಿ ರಾಡನ್ನೂ ಕೂರಿಸಿದೆ. ಎಳೆಗಳಿಗೆ ಅದು ಬೇಕಿರಲಿಲ್ಲ, ನನಗೆ ಬೇಕಿತ್ತು. ಮುಚ್ಚಿದ ತೂತು ಕಪ್ಪು ಚುಕ್ಕೆಯಾಗಿ ಎದ್ದು ಕಾಣುತ್ತಿತ್ತು. ಆಮೇಲೆ ಡೇಲ್ ಮತ್ತು ನಾನು ರೇಂಜಿಗೆ ಹೋಗಿ, ರೈಫಲ್ಲನ್ನು ಹಳೆಯ ಟೈರಿಗೆ ಕಟ್ಟಿ, ಟ್ರಿಗರಿಗೆ ಹಗ್ಗ ಬಿಗಿದು, ದೂರ ನಿಂತು ಅರವತ್ತು ಗುಂಡು ಹಾರಿಸಿದೆವು. ಪ್ರತಿ ಹತ್ತಕ್ಕೆ ಒಮ್ಮೆ ಡೇಲ್ ಮಣಿಕಟ್ಟಿನ ಮೇಲೆ ಉಗುರು ಎಳೆದು ನೋಡುತ್ತಿದ್ದ, ಅಪ್ಪನ ಆನೆಯ ಮೇಲೆ ಎಳೆದ ಹಾಗೇ. ಅರವತ್ತು ಮುಗಿದ ಮೇಲೆ, "ಕೊಡಬಹುದು" ಎಂದ. ಕ್ಲಿನಿಕ್ಕಿನ ದಿನದಿಂದ ಅವನು ನನ್ನೊಡನೆ ಬಾಯಿಬಿಟ್ಟು ಆಡಿದ ಮೊದಲ ಮಾತು ಅದು.

ಬೆಳ್ಳಿಯಪ್ಪ ಹೊಲಿಗೆ ಬಿಚ್ಚಿದ ಕೈಯಿಂದಲೇ ಮೂರು ಕಾಯಿ ಒಡೆದರು. ನಗಲಿಲ್ಲ. ಚೂರುಗಳನ್ನೆಲ್ಲ ಆರಿಸಿ ಚೀಲಕ್ಕೆ ತುಂಬಿ, "ಹೋಗಿಬರ್ತೀನಿ" ಎಂದರು.

ಜನವರಿಯ ಒಂದು ಶನಿವಾರ ಬಂದರು, ಮುಖವೆಲ್ಲ ಬಿಸಿಲಿಗೆ ಸುಟ್ಟಿತ್ತು. ಐದು ದಿನ ಬೆಟ್ಟ ಹತ್ತಿಳಿದಿದ್ದರಂತೆ. ನಾಲ್ಕು ದಿನ ಟಗರು ಕಂಡರೂ ದೂರ ಹೆಚ್ಚೆಂದು ಗುಂಡು ಹಾರಿಸಲಿಲ್ಲ. ಐದನೆಯ ದಿನ ನೂರರವತ್ತು ಗಜಕ್ಕೆ ಬಂತು. ಜೇಬಿನಿಂದ ಒಂದು ಖಾಲಿ ತೋಟಾ ತೆಗೆದು ನನ್ನ ಬೆಂಚಿನ ಮೇಲಿಟ್ಟರು.

"ಒಂದೇ. ನಿಂತಲ್ಲೇ ಬಿತ್ತು. ಅದಕ್ಕೆ ಗೊತ್ತೇ ಆಗ್ಲಿಲ್ಲ ಇಕ್ಬಾಲ್."

ಮರದ ಪುಡಿ ಎಂದು ಹೇಳಿ ಕಣ್ಣೊರೆಸಿಕೊಂಡೆ.

ಅಷ್ಟರಲ್ಲಿ ಹ್ಯಾಂಕ್ ಆ ರೈಫಲ್ಲನ್ನು ಎತ್ತಿಕೊಂಡಿದ್ದ. ಖಾಲಿಯಿದೆಯೇ ಎಂದು ಬೋಲ್ಟ್ ತೆರೆದು ನೋಡಿ, ಗೋಡೆಯತ್ತ ತಿರುಗಿ ಭುಜಕ್ಕೇರಿಸಿದ. ಕತ್ತು ಅತ್ತ ಮಾಡಿದ, ಇತ್ತ ಮಾಡಿದ. ರೈಫಲ್ಲಿನ ಮೇಲೆ ಕೂರಿಸಿದ್ದ ದುರ್ಬೀನಿನಲ್ಲಿ ಅವನಿಗೆ ಕಂಡದ್ದು ಬರೀ ಕತ್ತಲೆ. ಅದು ಬೆಳ್ಳಿಯಪ್ಪನವರ ಮುಖಕ್ಕೆ ಬಿಟ್ಟು ಇನ್ಯಾರ ಮುಖಕ್ಕೂ ಕೂರುತ್ತಿರಲಿಲ್ಲ. ಕೆಳಗಿಳಿಸಿ ಮಣಿಕಟ್ಟಿನ ಕಪ್ಪು ಚುಕ್ಕೆಯ ಮೇಲೆ ಹೆಬ್ಬೆರಳಾಡಿಸಿದ.

"ಇದು ಯಾವ ಕಂಪನಿದು ಅಂತ ಹೇಳ್ಬೇಕು?" ಎಂದ. ತಮಾಷೆಗೆಂದೇ ಕೇಳಿದ್ದ.

ಬೆಳ್ಳಿಯಪ್ಪ ಕಾಫಿ ಕುಡಿಯುತ್ತಲೇ, "ಮಂಡಿ ಮೊಹಲ್ಲಾ" ಎಂದರು.

ಹ್ಯಾಂಕ್ ಅದನ್ನು ಎರಡು ಸಲ ಬಾಯಲ್ಲಿ ಹೊರಳಿಸಿದ. ಎರಡು ಸಲವೂ ತಪ್ಪಾಗಿಯೇ ಬಂತು. ನಾನು ನಿವೃತ್ತನಾದದ್ದು ೨೦೦೮ರಲ್ಲಿ. ಮುರಿದ ಆ ಚಂದದ ಸ್ಟಾಕ್ ಈಗಲೂ ನನ್ನ ಗ್ಯಾರೇಜಿನ ಗೋಡೆಯ ಮೇಲಿದೆ, ಕಲಿಯಲು ಬರುವವರ ಕೈಗೆ ಮೊದಲು ಅದನ್ನೇ ಕೊಡುತ್ತೇನೆ. ಕೆಲಸದ ಕೊನೆಯ ವರ್ಷ ಹ್ಯಾಂಕ್‌ನ ಕುತ್ತಿಗೆಯ ಮೂಳೆ ಸವೆದು, ತಲೆ ಬಗ್ಗಿಸಲಾಗದೆ, ಅವನ ಜರ್ಮನ್ ರೈಫಲ್ ಅವನಿಗೇ ಕೂರದಂತಾಯಿತು. ಒಂದು ಶನಿವಾರ ಎಲ್ಲರೂ ಹೋಗುವವರೆಗೆ ಕಾದು, ಅದನ್ನು ತಂದು, ಡೇಲ್‌ನನ್ನು ದಾಟಿ ನನ್ನ ಕೈಗೇ ಕೊಟ್ಟ.

"ಇದರ ಮರ ತೆಗೆದುಬಿಡು ಇಕ್ಬಾಲ್" ಎಂದ. "ನನಗೂ ಒಂದು ಮಂಡಿ ಮಾಡು. ಪ್ಲೈವುಡ್ಡಿಂದೇ ಆಗ್ಲಿ."